ಗೋರಿಗಲ್ಲಿನ ಮೇಲೆ ನಗೆಗೆ ನಿಷೇಧವೇಕೆ?

ಮಾನ್ಯ ಸಂಪಾದಕರೇ,

ನಮ್ಮೂರಿನ ಕ್ರೈಸ್ತ ಸಮಾಧಿಸ್ಥಳದ ಆಡಳಿತ ಸಮಿತಿಯವರು, ಇನ್ನು ಮುಂದೆ ಗೋರಿಗಲ್ಲುಗಳ ಮೇಲೆ ಮೃತರ ಹೆಸರು, ಜನನ ಮರಣಗಳ ದಿನಾಂಕ ಹಾಗೂ ವೇದವಾಕ್ಯವೊಂದರ ಹೊರತು ಬೇರೇನನ್ನೂ ಕೆತ್ತಿಸತಕ್ಕದ್ದಲ್ಲವೆಂದು ವಿಧಿಸಿರುವ ನಿಯಮವು ಮೇಲ್ನೋಟಕ್ಕೆ ನಿರುಪದ್ರವಿಯಾಗಿ ಕಂಡರೂ, ಅದರಿಂದಾಗುತ್ತಿರುವ ಅನ್ಯಾಯವನ್ನು ಕುರಿತು ನಾಲ್ಕು ಮಾತು ಬರೆಯಲು ತಮ್ಮ ಅಪ್ಪಣೆ ಬೇಡುತ್ತೇನೆ.

ನನ್ನ ತಂಗಿಯ ಮಗ 22ನೆಯ ವಯಸ್ಸಿನಲ್ಲಿ ಮೂತ್ರಪಿಂಡದ ವ್ಯಾಧಿಯಿಂದ ತೀರಿಕೊಂಡನು. ಬಂಧುವರ್ಗದಲ್ಲಿ ಅವನಿಗೆ ಐವತ್ತು ನೂರು ಕೈಗಡ ಕೊಡದವರೇ ಇಲ್ಲ. ಕೊಟ್ಟವರ ಹೆಸರುಗಳನ್ನು ಹಳೆಯ ಡೈರಿಯೊಂದರಲ್ಲಿ ಅಕಾರಾದಿಯಾಗಿ ಬರೆದಿಟ್ಟು, ಕೇಳಬಂದವರಿಗೆ ಆ ಪುಟವನ್ನು ಗಂಭೀರವಾಗಿ ತೋರಿಸಿ 'ನಿಮ್ಮ ಸರದಿ ಇನ್ನೂ ಬಂದಿಲ್ಲ' ಎನ್ನುತ್ತಿದ್ದ ಚತುರ. ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ತನ್ನ ಕಲ್ಲಿನ ಮೇಲೆ ಬರೆಯತಕ್ಕದ್ದನ್ನೂ ಅವನೇ ತಾಯಿಗೆ ಹೇಳಿ ಬರೆಯಿಸಿದ್ದನು: 'ಸಾಲ ಕೊಟ್ಟವರು ದಯವಿಟ್ಟು ನಾಳೆ ಬನ್ನಿ.' ಅವನಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದ ಅವನ ಅಜ್ಜಿಯೇ ಈ ಸಾಲನ್ನು ಕೆತ್ತಿಸಲೇಬೇಕೆಂದು ಮೊದಲು ಹಟ ಹಿಡಿದವರು.

ಸಮಿತಿಯವರು ಅದನ್ನು ಸ್ಥಳದ ಘನತೆಗೆ ಒಪ್ಪದ ಕುಚೇಷ್ಟೆಯೆಂದು ತಳ್ಳಿಹಾಕಿದರು. ಸತ್ತವರು ಕಡೆಯ ದಿನ ಎದ್ದುಬರುವರೆಂದು ಭಾನುವಾರ ಭಾನುವಾರ ಒಕ್ಕೊರಲಿನಿಂದ ಹೇಳುವ ನಾವು, ಆ ಹುಡುಗ ಅದನ್ನೇ ನಂಬಿ ಒಂದಿಷ್ಟು ವಾಯಿದೆ ಕೇಳಿದುದರಲ್ಲಿ ಯಾವ ಅಧರ್ಮವನ್ನು ಕಂಡೆವೋ ನಾನರಿಯೆ.

ರುಮೇನಿಯಾದ ಸಪಿಂತ್ಸಾ ಎಂಬ ಹಳ್ಳಿಯಲ್ಲಿ ಸ್ಟಾನ್ ಯೊವಾನ್ ಪತ್ರಾಶ್ ಎಂಬ ಮರಗೆತ್ತನೆಯ ಶಿಲ್ಪಿ 1935ರಿಂದ ಮೊದಲುಗೊಂಡು ಓಕ್ ಮರದ ಶಿಲುಬೆಗಳಿಗೆ ನೀಲಿ ಬಣ್ಣ ಬಳಿದು, ಸತ್ತವರೇ ಮಾತಾಡುವಂತೆ ಪದ್ಯಗಳನ್ನು ಕೆತ್ತುತ್ತ ಬಂದನು. 1977ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯ ದುಮಿತ್ರು ಪೋಪ್ ಆ ಕೆಲಸವನ್ನು ಮುಂದುವರಿಸಿದನು. ಕುಡುಕನ ಕುಡಿತವೂ ಅತ್ತೆಯ ಬಾಯಿಯೂ ಅಲ್ಲಿ ಹಾಸ್ಯಕ್ಕೆ ವಸ್ತುವಾಗಿವೆ. ಆದರೆ ಟ್ಯಾಕ್ಸಿಗೆ ಸಿಕ್ಕಿ ಸತ್ತ ಎಳೆಯ ಹೆಣ್ಣುಮಗುವಿನ ಶಿಲುಬೆ ನಗುವುದಿಲ್ಲ, ಆ ಟ್ಯಾಕ್ಸಿಯನ್ನು ಶಪಿಸುತ್ತದೆ. ಎಲ್ಲಿ ನಗಬೇಕು, ಎಲ್ಲಿ ನಗಬಾರದೆಂಬ ವಿವೇಕ ಯಾವ ನಿಯಮಾವಳಿಯೂ ಇಲ್ಲದೆ ಆ ಹಳ್ಳಿಗರಿಗೆ ಉಂಟು. ಇಂಗ್ಲೆಂಡಿನಲ್ಲಾದರೋ, 2002ರಲ್ಲಿ ನಿಧನನಾದ ವಿನೋದಗಾರ ಸ್ಪೈಕ್ ಮಿಲಿಗನ್, ತನಗೆ ಕಾಯಿಲೆಯೆಂದು ಮೊದಲೇ ಹೇಳಿರಲಿಲ್ಲವೇ ಎಂಬರ್ಥದ ಸಾಲನ್ನು ಬಯಸಿದಾಗ, ಧರ್ಮಾಧಿಕಾರಿಗಳು ಇಂಗ್ಲಿಷಿನಲ್ಲಿ ಬೇಡವೆಂದರೂ, ಐರಿಷ್ ಭಾಷೆಯಲ್ಲಾದರೆ ಆಗಬಹುದೆಂದು ಒಪ್ಪಿದರು. (ನಮ್ಮ ಸಮಿತಿಗೆ ಲ್ಯಾಟಿನ್ ಸಮ್ಮತವಾದೀತೋ ಏನೋ!)

ಪಕ್ಕದ ಗೋರಿಯ ಬಳಿ ಹೊಸದಾಗಿ ಅಳುತ್ತಿರುವವರಿಗೆ ನೋವಾದೀತೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯೆನು. ಪರನಿಂದೆಯನ್ನೂ ಅಶ್ಲೀಲವನ್ನೂ ತಡೆಯುವ ಅಧಿಕಾರ ಸಮಿತಿಗಿರಲಿ. ಆದರೆ ಎರಡು ದಿನಾಂಕಗಳ ನಡುವಣ ಸಣ್ಣ ಗೀಟಿನಲ್ಲಿ ಆ ಹುಡುಗನ ಯಾವ ಲಕ್ಷಣ ಉಳಿಯಿತು? ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದ ಕಾಳಿಯೆಂಬ ನಾಯಿಯ ವೃತ್ತಾಂತವನ್ನು ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹೆಸರು ಸಮೇತ ಹೇಳುತ್ತದೆ. ನಾಯಿಗೆ ಸಂದ ಈ ಗೌರವವನ್ನು ನಮ್ಮ ಮಗನಿಗೂ ಕೇಳಿದರೆ ಅತಿಯಾಯಿತೇ?

ಈವರೆಗೆ ಬಾಯಿಮಾತಿನಲ್ಲಿಯೇ ಇರುವ ಈ ನಿಯಮವನ್ನು ಸಮಿತಿಯವರು ಬರವಣಿಗೆಯಲ್ಲಿ ಪ್ರಕಟಿಸಿ, ಮುಂದಿನ ಮಹಾಸಭೆಯಲ್ಲಿ ಮತಕ್ಕೆ ಹಾಕಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಡಲು ಕಲ್ಲುಕುಟಿಗನಿಗೆ ಹೇಳಿ, ಅವನಿಗೆ ಮುಂಗಡವನ್ನೂ ಕೊಟ್ಟಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ