ಅನುದಾನದ ಹಣ, ನೆರಳಿಲ್ಲದ ಅಂಗಳ

ಬಸದಿಯ ಅಂಗಳದ ಹುಣಸೆ, ಬೇವು, ನೇರಳೆಗಳನ್ನು ಕಡಿದು, ಅಲ್ಲಿ ಸಿಮೆಂಟಿನ ಬಿಲ್ಲೆಗಳನ್ನು ಹಾಸಿ, ಪಕ್ಕದಲ್ಲೊಂದು ಸಮುದಾಯ ಭವನವನ್ನು ನಿಲ್ಲಿಸುವುದಕ್ಕೆ ಈಗ ‘ಕ್ಷೇತ್ರಾಭಿವೃದ್ಧಿ’ ಎಂಬ ಹೆಸರು ಸಂದಿದೆ. ಸರ್ಕಾರದ ಅನುದಾನ ಬಂದರೂ ಇದೇ, ಕಂಪನಿಯ ನೆರವು ದೊರೆತರೂ ಇದೇ, ಉದಾರಿಗಳಾದ ಶ್ರಾವಕರು ಕೊಟ್ಟ ಹಣವಾದರೂ ಇದೇ. ಚೈತ್ರ ಮಾಸದಲ್ಲಿ ಮಹಾವೀರ ಜಯಂತಿ ಬಂದಾಗ ಆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ವಿಹಾರ ಮಾಡಿಕೊಂಡು ಬಂದ ಮುನಿಗಳು ಕಾದ ನೆಲದ ಮೇಲೆ ಹೆಜ್ಜೆಯಿಡಬೇಕಾಗುತ್ತದೆ. ವೃದ್ಧರು ಗೋಡೆಯಂಚಿನ ನೆರಳನ್ನು ಹುಡುಕುತ್ತಾರೆ. ಆಗ ನಾರಿನ ಚಾಪೆ ಹಾಸಿ ನೀರು ಚಿಮುಕಿಸುವುದು, ಮೇಲೆ ಬಾಡಿಗೆಯ ಶಾಮಿಯಾನ ಕಟ್ಟಿಸುವುದು. ಮರವು ಪುಕ್ಕಟೆಯಾಗಿ ಕೊಡುತ್ತಿದ್ದ ನೆರಳನ್ನು ದಿನಬಾಡಿಗೆಗೆ ಕೊಳ್ಳುವ ಈ ಲೆಕ್ಕಾಚಾರ ವ್ಯಾಪಾರಕುಶಲವೆಂದು ಹೆಸರಾದ ಸಮಾಜಕ್ಕೆ ಶೋಭಿಸುವಂಥದಲ್ಲ.

ಶ್ರಾವಕಧರ್ಮದ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಗಂಭೀರವಾದದ್ದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ವನಸ್ಪತಿಯನ್ನು ಕಡಿಯುವುದು ಇವೆಲ್ಲ ಅದರೊಳಗೆ ಬರುತ್ತವೆ. ಈರುಳ್ಳಿಯನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡದ ಮನೆತನಗಳ ಹಿರಿಯರೇ ತಲೆಮಾರುಗಳನ್ನು ಕಂಡ ಮರವನ್ನು ಗುತ್ತಿಗೆದಾರನ ಗರಗಸಕ್ಕೆ ಒಪ್ಪಿಸುತ್ತಾರೆ. ಆ ಕುರಿತು ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿ ಒಂದು ಸಾಲಿನ ಚರ್ಚೆಯೂ ಇರುವುದಿಲ್ಲ. ಮರದೊಡನೆ ಅದರ ಗೂಡುಗಳು, ತೊಗಟೆಯೊಳಗಿನ ಹುಳುಗಳು, ಬೇರಿನಡಿಯ ಇರುವೆಗಳು ಎಷ್ಟು ಹೋದವೆಂದು ಕೇಳುವವರಿಲ್ಲ.

ಗಿಡ ನೆಡುವುದಕ್ಕೂ ನೆಲ ಅಗೆಯಬೇಕು, ನೀರು ಹಾಯಿಸಬೇಕು, ಅದರಲ್ಲೂ ಹಿಂಸೆಯಿದೆಯಲ್ಲ ಎಂಬ ಆಕ್ಷೇಪವನ್ನು ಕೆಲವರು ತರುತ್ತಾರೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪದು ಎಂಬುದನ್ನು ಶಾಸ್ತ್ರವೇ ಒಪ್ಪಿದೆ. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬೇಕೆಂಬುದೇ ವಿಧಿ. ಒಂದು ಸಸಿಯ ಗುಂಡಿಯ ಬಗ್ಗೆ ಇಷ್ಟು ಸೂಕ್ಷ್ಮವಾಗುವ ಮನಸ್ಸು ಭವನದ ಅಡಿಪಾಯಕ್ಕೆ ಯಂತ್ರ ತರಿಸಿ ಇಡೀ ಅಂಗಳವನ್ನು ಬಗೆಸುವಾಗ ಎಲ್ಲಿರುತ್ತದೆ? ಎಲೆ ಉದುರಿ ಕಸವಾಗುತ್ತದೆ ಎಂಬ ಇನ್ನೊಂದು ವಾದಕ್ಕೆ ಉತ್ತರವೇ ಬೇಕಾಗಿಲ್ಲ. ಬೇರು ಗೋಡೆಗೆ ಬರುತ್ತದೆಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಪ್ರಾಚೀನ ಕಟ್ಟಡದಿಂದ ತಕ್ಕಷ್ಟು ದೂರದಲ್ಲಿ, ಜಾತಿ ನೋಡಿ ನೆಡುವುದು ಅದಕ್ಕೆ ಪರಿಹಾರ.

ಜೈನ ಪರಂಪರೆ ಮರವನ್ನು ಎಂದೂ ಹೊರಗಿಟ್ಟದ್ದಲ್ಲ. ಆದಿನಾಥರಿಗೆ ಕೇವಲಜ್ಞಾನವಾದದ್ದು ಆಲದ ಮರದಡಿಯಲ್ಲಿ, ವರ್ಧಮಾನರಿಗೆ ಶಾಲವೃಕ್ಷದಡಿಯಲ್ಲಿ. ಸಮವಸರಣದ ವರ್ಣನೆಯಲ್ಲಿ ಅಶೋಕ, ಸಪ್ತಪರ್ಣ, ಚಂಪಕ, ಆಮ್ರವನಗಳು ಬರುತ್ತವೆ. ಆ ಉಪವನಗಳನ್ನು ಹೊಸ ಭವನದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಅದಕ್ಕೆ ದಾನಿಗಳೂ ಸಿಗುತ್ತಾರೆ. ಶ್ರವಣಬೆಳಗೊಳದ ಹೆಸರಿನಲ್ಲಿರುವ ‘ಬೆಳ್ಗೊಳ’ವೂ ಬಿಳಿಯ ಕೊಳವೇ ಹೊರತು ಕಟ್ಟಡವಲ್ಲ.

ಅದೇ ಬೆಳಗೊಳದ ದಾನಶಾಸನಗಳು ಕಲಿಸುವ ಇನ್ನೊಂದು ಪಾಠವಿದೆ. ಹುಳ್ಳರಾಜನು ಕಟ್ಟಿಸಿದ ಚತುರ್ವಿಂಶತಿ ಜಿನಾಲಯಕ್ಕೆ, ಅಂದರೆ ಈಗಿನ ಭಂಡಾರಿ ಬಸದಿಗೆ, ಹೊಯ್ಸಳ ಒಂದನೆಯ ನರಸಿಂಹನು 1159ರಲ್ಲಿ ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಕೊಟ್ಟದ್ದು ಒಂದು ಸಲ ಖರ್ಚಾಗಿ ಹೋಗುವ ಗಂಟಲ್ಲ, ವರ್ಷವರ್ಷವೂ ಬರುವ ಹುಟ್ಟುವಳಿ. ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತಿನ ಅರ್ಥ, ಒಡೆದದ್ದನ್ನು ಸರಿಪಡಿಸುವ ಖರ್ಚನ್ನು ದಾನ ಕೊಡುವಾಗಲೇ ಎಣಿಸಬೇಕೆಂಬುದು. ಈಗಿನ ಅನುದಾನದಲ್ಲಿ ಕಾಣದಿರುವುದು ಇದೇ. ಮಾರ್ಚ್ ತಿಂಗಳೊಳಗೆ ಹಣ ಮುಗಿಸಬೇಕು, ಬಳಕೆ ಪ್ರಮಾಣಪತ್ರ ಕಳುಹಿಸಬೇಕು. ಅಷ್ಟು ಅವಸರಕ್ಕೆ ಒಗ್ಗುವುದು ಕಾಂಕ್ರೀಟು ಮಾತ್ರ. ಮರ ಮಾರ್ಚಿಗೆ ಬೆಳೆದು ನಿಲ್ಲುವುದಿಲ್ಲ. ಹೀಗಾಗಿ ಜೂನ್ 5ರಂದು ಗಣ್ಯರ ಕೈಯಿಂದ ಸಸಿ ನೆಡಿಸಿ, ಭಾವಚಿತ್ರ ತೆಗೆಸಿ, ಮುಂದಿನ ಬೇಸಿಗೆಯಲ್ಲಿ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಡುವ ವಾರ್ಷಿಕ ವಿಧಿಯೊಂದು ಬೆಳೆದುಬಂದಿದೆ.

ಹಸಿರಿಗೆ ಯಾರೂ ಹಣ ಕೊಡುವುದಿಲ್ಲವೆಂಬ ಧರ್ಮದರ್ಶಿಗಳ ಮಾತು ನಿಜವಲ್ಲ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವೆಚ್ಚ ಮಾಡಬೇಕು. ಆ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಪರಿಸರ ಸಮತೋಲನ, ಸಸ್ಯ ಹಾಗೂ ಪ್ರಾಣಿಸಂಕುಲದ ರಕ್ಷಣೆ ಸ್ಪಷ್ಟವಾಗಿ ಸೇರಿವೆ. 2021ರ ತಿದ್ದುಪಡಿಯ ನಂತರ, ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳವರೆಗೆ ನಡೆಯುವ ಕೆಲಸಕ್ಕೂ ಅವಕಾಶವಿದೆ. ಸಸಿಯೊಂದು ತನ್ನ ಕಾಲ ಮೇಲೆ ನಿಲ್ಲಲು ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ಬೇಸಿಗೆಗಳು. ಆದರೆ ಟ್ರಸ್ಟುಗಳು ಕಳುಹಿಸುವ ಅರ್ಜಿಗಳಲ್ಲಿ ಭವನ, ಮಹಾದ್ವಾರ, ಊಟದ ಮನೆಗಳೇ ತುಂಬಿರುತ್ತವೆ. ಕೇಳದೆ ಇದ್ದದ್ದನ್ನು ಕೊಡಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯನ್ನು ಪೂಜಾಸ್ಥಳಗಳ ಒಳಗೆ ಬಳಸುವಂತಿಲ್ಲ. ಅದನ್ನು ಅಡ್ಡಿಯೆಂದು ತಿಳಿಯುವ ಬದಲು ಬಸದಿಯ ಗೋಡೆಯಾಚೆ ನೋಡಬಹುದು. ಊರಿನ ಕೆರೆಯ ದಂಡೆ, ಶಾಲೆಯ ಬಯಲು, ಹೂಳು ತುಂಬಿದ ಕಲ್ಯಾಣಿ ಇವು ಜೈನರಿಗೂ ಜೈನೇತರರಿಗೂ ಸೇರಿದವು. ಇಂಥ ಕೆಲಸಕ್ಕಾಗಿ ಊರವರೊಡನೆ ಅರ್ಜಿಗೆ ಸಹಿ ಹಾಕಿದರೆ ಟ್ರಸ್ಟಿನ ಹೆಸರಿನ ಅಮೃತಶಿಲೆಯ ಫಲಕ ಸಿಗಲಾರದು, ನಿಜ. ದನಕರುಗಳಿಗೆ ನೀರು, ಹಕ್ಕಿಗೆ ಕೊಂಬೆ, ದಾರಿಹೋಕನಿಗೆ ನೆರಳು ಕೊಡುವುದು ಅಭಯದಾನದ ವ್ಯಾಪ್ತಿಗೆ ಬರುವುದಿಲ್ಲವೆಂದು ಯಾವ ಪಂಡಿತರೂ ಹೇಳಲಾರರು. ಬಾಡಿಗೆ ತರುವ ಮದುವೆ ಮಂಟಪ ಅದರ ವ್ಯಾಪ್ತಿಗೆ ಹೇಗೆ ಬರುತ್ತದೆಂಬುದನ್ನು ಅವರು ವಿವರಿಸಬೇಕಾದೀತು.

ಮುಂದಿನ ಮಹಾಸಭೆಗಳಲ್ಲಿ ಜಮಾಖರ್ಚು ಓದುವಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಸರಳವಾದವು: ಕಳೆದ ವರ್ಷ ನೆಟ್ಟ ಸಸಿಗಳೆಷ್ಟು, ಅವುಗಳಲ್ಲಿ ಈಗ ಬದುಕಿರುವುದೆಷ್ಟು, ಮಾಲಿಯ ಸಂಬಳಕ್ಕೂ ಬೇಸಿಗೆಯ ನೀರಿಗೂ ತೆಗೆದಿಟ್ಟ ಹಣವೆಷ್ಟು. ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಹೊಸ ಭವನದ ನಿರ್ಣಯಕ್ಕೆ ಯಾರೂ ಕೈಯೆತ್ತಬೇಕಾಗಿಲ್ಲ.