ಅಂಗಳದ ಕೆಂಪು ಹನಿ

ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಬೆಸಗರಹಳ್ಳಿಗೆ ಹೋಗಿದ್ದೆ. ಅವ್ವ ಅಂಗಳವನ್ನೆಲ್ಲ ಗುಡಿಸಿ, ಸಾರಿಸಿ ಒಪ್ಪವಾಗಿಟ್ಟಿದ್ದಳು. ಆದರೆ ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ ಒಂದು ಬೊಗಸೆ ಹೊಸ ಮರಳು ಬಿದ್ದಿತ್ತು. "ಇಲ್ಯಾಕವ್ವ ಮರಳು?" ಅಂದೆ. "ನಿಮ್ಮಪ್ಪನ್ನೇ ಕೇಳು" ಅಂದಳು. ಅಪ್ಪ ನನ್ನ ಮುಖ ನೋಡದೆ, "ಏಸಿ ನೀರು ತೊಟ್ಟಿಕ್ತದೆ ಕಣವ್ವ, ಅದ್ಕೇ ಹಾಕಿವ್ನಿ" ಅಂದು ಗದ್ದೆ ಕಡೆ ಹೊರಟುಬಿಟ್ಟರು.

ಮಕ್ಕಳು ಬಿಡುತ್ತವೆಯೇ? ಐದನೇ ತರಗತಿಯ ನನ್ನ ಮಗಳು, ಏಳನೇ ತರಗತಿಯ ಅಣ್ಣನ ಮಗ ಇಬ್ಬರೂ ಕಡ್ಡಿ ತಂದು ಮರಳು ಕೆದಕಿದರು. "ಅತ್ತೆ, ರಕ್ತ!" ಎಂದು ಅವನು ಕೂಗಿದ್ದಕ್ಕೆ ನಾನು ಒಲೆಯ ಮೇಲಿನ ಹಾಲನ್ನು ಮರೆತು ಓಡಿ ಬಂದೆ. ರಕ್ತವಲ್ಲ, ಎಣ್ಣೆ. ಬಿಳಿ ಕಾಗದಕ್ಕೆ ಒತ್ತಿಸಿ ನೋಡಿದೆವು. ಏಸಿ ನೀರಾಗಿದ್ದರೆ ಕಾಗದ ಒದ್ದೆಯಾಗಿ ಒಣಗಬೇಕಿತ್ತು. ಎಂಜಿನ್ ಆಯಿಲ್ ಕಂದು ಇಲ್ಲವೇ ಕಪ್ಪು. ರೇಡಿಯೇಟರಿನ ಕೂಲೆಂಟ್ ಹಸಿರೋ ಗುಲಾಬಿಯೋ ಇರುತ್ತದೆ, ಆದರೆ ನೀರಿನಂತೆ ತೆಳು. ಇದೋ ದಾಸವಾಳದ ಕೆಂಪು, ಬೆರಳಿಗೆ ಜಿಡ್ಡು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಈ ಬಣ್ಣ ಬೆರೆಸುವುದೇ ಬೇರೆ ಎಣ್ಣೆಗಳ ಜೊತೆ ಕಲಸಿಹೋಗದಿರಲಿ, ಸೋರಿದರೆ ಗುರುತು ಸಿಗಲಿ ಎಂದು. ಕೆಲವು ಕಾರುಗಳ ಸ್ಟೀರಿಂಗಿಗೂ ಇದೇ ಬಣ್ಣದ ಎಣ್ಣೆ ಹಾಕುತ್ತಾರೆ, ಅದನ್ನೂ ನೆನಪಿಡಬೇಕು.

ಅಪ್ಪನ ಎಡ ಮಂಡಿ ಸವೆದಿದೆ, ಕ್ಲಚ್ ತುಳಿಯಲಾಗದು. ಅದಕ್ಕೇ ಅಣ್ಣ ಈ ಹಳೆಯ ಆಟೊಮ್ಯಾಟಿಕ್ ಕಾರು ಕೊಡಿಸಿದ್ದು. ಅವ್ವನನ್ನು ವಾರಕ್ಕೆರಡು ಸಲ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲೇ. ಸೋರಿಕೆಯ ಸುದ್ದಿ ಫೋನಿನಲ್ಲಿ ಕೇಳಿದ ಅಣ್ಣ, "ಎಲ್ಲೋ ಗುದ್ದಿಸಿರ್ತಾರೆ. ವಯಸ್ಸಾಯ್ತು, ಇನ್ನು ಕೀ ಇಸ್ಕೊಂಡ್ಬಿಡು" ಅಂದ. ಅಪ್ಪ ಮರಳು ಹಾಕಿದ್ದು ಏಕೆಂದು ನನಗೆ ಆಗ ಹೊಳೆಯಿತು.

ರಾತ್ರಿ ಜಗಲಿಯ ಮೇಲೆ ಅವರೇ ಬಾಯಿಬಿಟ್ಟರು. ತಿಂಗಳ ಹಿಂದೆ ಕಬ್ಬಿನ ಲಾರಿಗೆ ದಾರಿ ಬಿಡಲು ನಾಲೆ ಏರಿಯ ಅಂಚಿಗೆ ಸರಿದಾಗ ಕಾರಿನ ತಳ ಕಲ್ಲಿಗೆ ಒರೆಸಿತಂತೆ. ಆಮೇಲೇ ಈ ಹನಿ. "ಟ್ರ್ಯಾಕ್ಟ್ರು ತೊಟ್ಟಿಕ್ಕಲ್ವಾ? ಗಾಡಿಗೆ ಕೀಲೆಣ್ಣೆ ಹಾಕ್ದಾಗ್ಲೂ ತೊಟ್ಟಿಕ್ತಿತ್ತು. ಅಂಗೇ ಅಂತ ಸುಮ್ಕಿದ್ದೆ. ನಿಮ್ಮಣ್ಣಂಗೆ ಏಳ್ಬ್ಯಾಡ ಕಣವ್ವ."

ಕೀಲೆಣ್ಣೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೀಲೆಣ್ಣೆ ಸವೆತ ತಪ್ಪಿಸುತ್ತದೆ, ಅಷ್ಟೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯೇ ಕೆಲಸಗಾರ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಎಣ್ಣೆ. ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುವುದೂ ಅದೇ, ಬಿಸಿಯನ್ನು ಹೊತ್ತೊಯ್ಯುವುದೂ ಅದೇ. ಅದು ಕಡಿಮೆಯಾದರೆ ತಟ್ಟೆಗಳು ಜಾರಿ, ಕಾದು, ಸುಟ್ಟುಹೋಗುತ್ತವೆ. ಆಗ ಗೇರ್‌ಬಾಕ್ಸನ್ನೇ ಬಿಚ್ಚಬೇಕು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಹೆಸರಿನಲ್ಲಿ ಇಂಥದ್ದನ್ನು ಹೊರತಂದಿತ್ತು. 1970ರ ದಶಕದ ಆರಂಭದವರೆಗೂ ಅಲ್ಲಿನ ಈ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಆಮೇಲೆ ತಿಮಿಂಗಿಲ ರಕ್ಷಣೆಯ ಕಾನೂನು ಬಂದು ನಿಂತಿತು. ಇದನ್ನು ಹೇಳಿದ ಮೇಲೆ ನನ್ನ ಮಗಳು ಎರಡು ದಿನ ಕಾರಿನ ಹತ್ತಿರ ಹೋದಾಗಲೆಲ್ಲ ಬಾನೆಟ್ ಸವರಿ ಬರುತ್ತಿದ್ದಳು.

ಮಾರನೇ ದಿನದಿಂದ ಮಕ್ಕಳಿಬ್ಬರೂ ಪತ್ತೇದಾರರು. ಕಾರಿನಡಿ ಅಗಲವಾದ ರಟ್ಟು ಹಾಸಿ, ಅದರ ಮೇಲೆ ಮುಂದಿನ ಚಕ್ರಗಳ ಗುರುತು ಹಾಕಿದರು. ಹನಿ ಬೀಳುವುದು ಮುಂದೆ, ಎಡಚಕ್ರದ ಬಳಿ. ಗೇರ್‌ಬಾಕ್ಸ್ ಇರುವುದೂ ಅಲ್ಲೇ. ಆದರೆ ಒಂದು ವಿಷಯ ನನಗೆ ಹೊಳೆದಿರಲಿಲ್ಲ, ಹುಡುಗ ಹೇಳಿದ: "ಅತ್ತೆ, ಓಡಿಸಿ ಬಂದ್ಮೇಲೆ ಮಾತ್ರ ಬೀಳುತ್ತೆ. ರಾತ್ರಿಯೆಲ್ಲ ನಿಂತಿದ್ರೆ ಬೀಳಲ್ಲ." ತಳದ ತಟ್ಟೆ ಒಡೆದಿದ್ದರೆ ನಿಂತಾಗಲೂ ಸೋರಬೇಕಲ್ಲ?

ಎಂಜಿನ್ ಬಿಸಿಮಾಡಿ, ಚಾಲೂ ಇಟ್ಟೇ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಣ್ಣೆ ಕೆಳಗಿನ ಗೆರೆಗೂ ಇಳಿದಿತ್ತು. ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತರಿಸಿ, ಗೆರೆ ಮುಟ್ಟುವವರೆಗೆ ಹಾಕಿ ಮದ್ದೂರಿಗೆ ನಿಧಾನವಾಗಿ ಹೋದೆವು. (ಈಗಿನ ಸಣ್ಣ ಕಾರುಗಳಲ್ಲಿ ಹಲವು ಎಎಂಟಿ. ಅವುಗಳಲ್ಲಿ ಮಾಮೂಲಿ ಗೇರ್‌ಬಾಕ್ಸೇ ಇದ್ದು, ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ. ಅದರ ಎಣ್ಣೆ ಬೇರೆ, ಸಿವಿಟಿಯದು ಇನ್ನೂ ಬೇರೆ. ಅಂದಾಜಿನಲ್ಲಿ ಹಾಕಬೇಡಿ.)

ಗ್ಯಾರೇಜಿನಲ್ಲಿ ಕಾರು ಮೇಲೆತ್ತಿದ ಹುಡುಗ ತಳ ನೋಡಿದವನೇ, "ಪ್ಯಾನು ನೆಗ್ಗೋಗೈತೆ, ಚೇಂಜ್ ಮಾಡ್ಬೇಕು" ಅಂದ. ಅಪ್ಪ ತಲೆ ತಗ್ಗಿಸಿದರು. ಹಿರಿಯ ಮೆಕ್ಯಾನಿಕ್ ಮಾತ್ರ, "ತಡಿಯಪ್ಪ, ಮೊದ್ಲು ತೊಳಿ" ಅಂದರು. ಎಣ್ಣೆ ಮೇಲಿನಿಂದ ಕೆಳಗಿಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಒದ್ದೆಯ ಎಲ್ಲಕ್ಕಿಂತ ಮೇಲಿನ, ಮುಂದಿನ ತುದಿ ಹುಡುಕಬೇಕು. ಪೂರ್ತಿ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಅದರ ಮೇಲೆ ಉದುರಿಸಿದರು. ಕಾರನ್ನು ಒಂದು ಸುತ್ತು ಓಡಿಸಿ ತಂದು ಮತ್ತೆ ಎತ್ತಿದರು. (ಮಕ್ಕಳೇ, ಜಾಕ್ ಮೇಲೆ ನಿಂತ ಕಾರಿನಡಿ ನೀವು ತಲೆ ಹಾಕಲೇಬಾರದು. ನಮ್ಮವರಿಬ್ಬರೂ ದೂರದ ಬೆಂಚಿನ ಮೇಲೇ ಇದ್ದರು.)

ನೆಗ್ಗಿದ ಪ್ಯಾನಿನ ಅಂಚಿನಲ್ಲಿ ಪೌಡರು ಬೆಳ್ಳಗೇ ಇತ್ತು. ಅದಕ್ಕಿಂತ ಗೇಣುದ್ದ ಮೇಲಿಂದ ಒಂದು ಕೆಂಪು ಗೆರೆ ಇಳಿದು ಬಂದಿತ್ತು. ಎಣ್ಣೆಯನ್ನು ತಣಿಸಲು ರೇಡಿಯೇಟರಿಗೆ ಕೊಂಡೊಯ್ಯುವ ರಬ್ಬರ್ ಪೈಪು ವರ್ಷಗಳ ಬಿಸಿಗೆ ಗಟ್ಟಿಯಾಗಿ, ಕ್ಲಿಪ್ಪಿನ ಬುಡದಲ್ಲಿ ಬಿರಿದಿತ್ತು. ಎಂಜಿನ್ ಓಡಿದಾಗಷ್ಟೇ ಅದರಲ್ಲಿ ಎಣ್ಣೆ ಒತ್ತಡದಿಂದ ಹರಿಯುವುದು. ರಟ್ಟು ಹೇಳಿದ್ದು ಅದನ್ನೇ.

"ಅಂಗಾರೆ ಕಲ್ಲಿಂದಲ್ವಾ?" ಅಪ್ಪ ಎರಡು ಸಲ ಕೇಳಿದರು.

"ಕಲ್ಗೂ ಇದ್ಕೂ ಸಂಬಂಧ ಇಲ್ಲ ಯಜಮಾನ್ರೇ."

ಬಿಸಿ ಎಣ್ಣೆ ತಡೆಯುವಂಥದೇ ಪೈಪು ಬೇಕು, ನೀರಿನ ಪೈಪು ಹಾಕಿದರೆ ಕೆಲವೇ ದಿನಕ್ಕೆ ಮೆತ್ತಗಾಗಿ ಕಿತ್ತುಬರುತ್ತದೆ. ಎರಡೂ ಕಡೆಯ ಪೈಪು, ಹೊಸ ಕ್ಲಿಪ್ಪು ಹಾಕಿ, ಎಣ್ಣೆಯ ಮಟ್ಟ ಸರಿಮಾಡಿ ಕೊಟ್ಟರು. ಎಣ್ಣೆಗೆ ಸುಟ್ಟ ವಾಸನೆ ಇರಲಿಲ್ಲ. ಇನ್ನೊಂದು ತಿಂಗಳು ಮರಳು ಹಾಕುತ್ತ ಓಡಿಸಿದ್ದರೆ ಏನಾಗುತ್ತಿತ್ತೋ. ಅದನ್ನು ಅಪ್ಪನಿಗೆ ನಾನು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಅಣ್ಣನಿಗೆ ಫೋನು ಮಾಡಿ ಕಲ್ಲಿನ ವಿಷಯವನ್ನೂ ಪೈಪಿನ ವಿಷಯವನ್ನೂ ಹೇಳಿದ್ದು ಮಾತ್ರ ಅಪ್ಪನೇ. ಕೀ ಅವರ ಹತ್ತಿರವೇ ಇದೆ.

ಈಗ ದಿನಾ ಬೆಳಿಗ್ಗೆ ರಟ್ಟಿನ ಫೋಟೊ ಮೊಮ್ಮಕ್ಕಳಿಗೆ ಬರುತ್ತದೆ. ಮೊನ್ನೆ ಅದರ ಮೇಲೊಂದು ಕೆಂಪು ಕಲೆ ಕಂಡು ಇಲ್ಲಿ ಗಾಬರಿಯಾಗಿ ಫೋನು ಮಾಡಿದೆವು. ಹಿಂದಿನಿಂದ ಅವ್ವ ನಗುತ್ತಿದ್ದಳು. ಅವಳ ಎಲೆಯಡಿಕೆಯಂತೆ.