ಒಲೆ ಹಚ್ಚಿದರೆ ಪೊಲೀಸು, ನಿದ್ದೆ ಹೋದರೆ ಪೊಲೀಸು



2018ರ ಮೇ ತಿಂಗಳು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹಾಸ್ಟೆಲು. ರಾತ್ರಿ ಬರೆಯುತ್ತಾ ಕೂತಿದ್ದ ಕರಿಯ ವಿದ್ಯಾರ್ಥಿನಿಯೊಬ್ಬಳು ಎಲ್ಲರೂ ಬಳಸುವ ಕೋಣೆಯಲ್ಲೇ ನಿದ್ದೆ ಹೋದಳು. ಅಷ್ಟಕ್ಕೇ ಅದೇ ಹಾಸ್ಟೆಲಿನ ಬಿಳಿಯಳೊಬ್ಬಳು ಪೊಲೀಸರಿಗೆ ಫೋನು ಮಾಡಿದಳು. ಬಂದ ಪೊಲೀಸರಿಗೆ ಈ ಹುಡುಗಿ ಬೀಗ ತೆಗೆದು ತನ್ನ ರೂಮು ತೋರಿಸಿದಳು. ಸಾಲಲಿಲ್ಲ. ಗುರುತಿನ ಚೀಟಿ ತೋರಿಸು ಅಂದರು. ಬೀಗದ ಕೈ ಇದ್ದರೂ ಮನೆ ನಿನ್ನದಲ್ಲ ಎನ್ನುವ ಈ ಮಾತನ್ನು ಹಾಸ್ಟೆಲಿನ ಅನ್ನ ಉಂಡ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಏಪ್ರಿಲ್ 12ರಂದು ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಇಬ್ಬರು ಕರಿಯ ಯುವಕರು ಮೂರನೆಯವನಿಗಾಗಿ ಕಾಯುತ್ತಾ ಕೂತಿದ್ದರು. ಇನ್ನೂ ಏನೂ ಕೊಂಡಿರಲಿಲ್ಲ. ಮ್ಯಾನೇಜರು ಫೋನು ಮಾಡಿದಳು, ಕೈಗೆ ಕೋಳ ಬಿತ್ತು. ಆಮೇಲೆ ಕಂಪನಿ ಕ್ಷಮೆ ಕೇಳಿ, ಮೇ 29ರ ಮಧ್ಯಾಹ್ನ ಸುಮಾರು 8,000 ಅಂಗಡಿಗಳ ಬಾಗಿಲು ಹಾಕಿ ನೌಕರರಿಗೆ ಪಾಠ ಹೇಳಿಸಿತು. ಒಂದು ಮಧ್ಯಾಹ್ನದ ಪಾಠಕ್ಕೆ ಹೋಗುವ ರೋಗವೇನ್ರಪ್ಪಾ ಇದು?

ಯಾಕೆ ಫೋನು ಮಾಡಿದಿರಿ ಎಂದರೆ, ಹೆದರಿಕೆ ಆಯ್ತು ಅಂತಾರೆ. ಸುಳ್ಳು. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡಲು ಬಂದಿದ್ದ ಕರಿಯನೊಬ್ಬ ಬಿಳಿ ಹೆಂಗಸಿಗೆ ನಾಯಿಯನ್ನು ಕಟ್ಟಿಕೊಳ್ಳಿ ಎಂದ. ಅಲ್ಲಿಯ ನಿಯಮವೂ ಅದೇ. ಕರಿಯನೊಬ್ಬ ನನ್ನ ಜೀವಕ್ಕೆ ಬೆದರಿಕೆ ಹಾಕ್ತಿದಾನೆ ಅಂತ ಪೊಲೀಸರಿಗೆ ಹೇಳ್ತೀನಿ ಎಂದು ಆಕೆ ಮೊದಲು ಅವನಿಗೇ ಹೇಳಿ, ಆಮೇಲೆ ಫೋನು ಮಾಡಿದಳು. ಹೆದರಿದವರು ಹೀಗೆ ಮುಂಚೆ ನೋಟೀಸು ಕೊಡ್ತಾರಾ? ಫೋನೆತ್ತುವ ಖಾಕಿ ಯಾರ ಕಡೆಯದೆಂದು ಆಕೆಗೆ ಗೊತ್ತಿತ್ತು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ. ಅಲ್ಲಿಗೂ ಪೊಲೀಸರನ್ನು ಕರೆಸಿದ್ದು ಒಂದು ಫೋನು: 20 ಡಾಲರಿನ ನೋಟು ಖೋಟಾ ಇರಬಹುದು ಎಂದು.

ಇದು ಹೆದರಿಕೆಯಲ್ಲ, ಯಜಮಾನಿಕೆ. ಜಾಗ ನಮ್ಮಪ್ಪನದು, ನೀನು ಯಾಕೆ ಬಂದೆ ಎನ್ನುವ ದರ್ಪ.

ಈ ದರ್ಪ ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ದನಕರುಗಳಿಗೆ ಅಡ್ಡಿಯಿಲ್ಲದ ನೀರು. ಸವರ್ಣೀಯರು ಮೊದಲು ದೊಣ್ಣೆ ತಂದರು, ಆಮೇಲೆ ಕೋರ್ಟಿಗೆ ಹೋದರು. ಬೊಂಬಾಯಿ ಹೈಕೋರ್ಟಿನಲ್ಲಿ ಅವರ ದಾವೆ ಬಿದ್ದುಹೋಗಲು 1937 ಬರಬೇಕಾಯ್ತು. ಬೊಗಸೆ ನೀರಿಗೆ ಹತ್ತು ವರ್ಷ!

ಸುಳ್ಳು ಫೋನು ಮಾಡಿದವರಿಗೆ ಏನಾಗುತ್ತದೆ? ಸೆಂಟ್ರಲ್ ಪಾರ್ಕಿನ ಹೆಂಗಸಿನ ಮೇಲಿನ ಕೇಸು 2021ರಲ್ಲಿ ವಜಾ ಆಯ್ತು. ಇಂಥವರ ಮೇಲೆ ದಾವೆ ಹೂಡಬಹುದೆಂದು ಸ್ಯಾನ್ ಫ್ರಾನ್ಸಿಸ್ಕೊ ನಗರ 2020ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಅದಕ್ಕೂ ಮೂವತ್ತು ವರ್ಷ ಮೊದಲೇ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಈ ಮಾತಿದೆ: ಸರ್ಕಾರಿ ನೌಕರನಿಗೆ ಸುಳ್ಳು ಅಥವಾ ಹುರುಳಿಲ್ಲದ ಮಾಹಿತಿ ಕೊಟ್ಟು, ಅವನ ಅಧಿಕಾರದಿಂದ ದಲಿತರಿಗೆ, ಆದಿವಾಸಿಗಳಿಗೆ ತೊಂದರೆ ಮಾಡಿಸುವುದು ಅಪರಾಧ. 2015ರ ತಿದ್ದುಪಡಿಯ ನಂತರ ಅದು ಕಲಂ 3(1)(ಕ್ಯೂ). ಆರು ತಿಂಗಳಿಂದ ಐದು ವರ್ಷ ಸಜೆ, ಜೊತೆಗೆ ದಂಡ. ಇದನ್ನು ಹಾಸ್ಟೆಲು ಹಾಸ್ಟೆಲಿನಲ್ಲೂ ಓದಿ ಹೇಳಿ. ಠಾಣೆಯಲ್ಲಿ ಕೂರಿಸಿದಾಗ ‘ನಾನು ಒಳ್ಳೆಯವನು ಸ್ವಾಮಿ’ ಅಂತ ಕೈಮುಗಿಯಬೇಡಿ. ಕಲಂ ಹೇಳಿ. ಯೇಲ್‌ನಲ್ಲಿ ಓದಿದರೂ ಒಳ್ಳೆಯವರೆಂಬ ಚೀಟಿ ಸಿಕ್ಕದು.

ಕೇಳಿ, ಓಕ್ಲೆಂಡಿನ ಜನ ಏನು ಮಾಡಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿಯ ಕೆರೆ ದಂಡೆಯಲ್ಲಿ ಇದ್ದಿಲ ಒಲೆ ಹಚ್ಚಿ ಮಾಂಸ ಸುಡುತ್ತಿದ್ದ ಕರಿಯರ ಮೇಲೆ ಬಿಳಿಯಳೊಬ್ಬಳು ಪೊಲೀಸರನ್ನು ಕರೆಸಿದಳು. ಮೇ ತಿಂಗಳಲ್ಲಿ ಅದೇ ದಂಡೆಗೆ ನೂರಾರು ಜನ ಬಂದು ಒಲೆ ಹೂಡಿದರು. ಉಂಡರು, ಕುಣಿದರು. 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು ಅದು. ಆ ಹೆಸರನ್ನೇ 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ಎತ್ತಿಕೊಂಡರು.

ಹೆಸರು ಎತ್ತಿಕೊಂಡ ಮೇಲೆ ಬೆಂಕಿಯನ್ನೂ ಎತ್ತಿಕೊಳ್ಳೋಣ. ಒಬ್ಬರ ಒಲೆಗೆ ಪೊಲೀಸು ಬಂದರೆ ನೂರು ಒಲೆ ಹಚ್ಚೋಣ.

ಜೈ ಭೀಮ್!